ಇಡೀ ಗೊಂಚಲು

ಗಂಡ ಚೀಲದಿಂದ ಹೊರತೆಗೆದದ್ದು ದ್ರಾಕ್ಷಿಯ ಇಡೀ ಗೊಂಚಲು. ಉದುರು ದ್ರಾಕ್ಷಿಯಲ್ಲ, ತೊಟ್ಟಿಗೆ ಗಟ್ಟಿಯಾಗಿ ಕೂತ, ಒಂದಕ್ಕೂ ಕಲೆಯಿಲ್ಲದ ಹಣ್ಣುಗಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಚಕ್ರ ಹಿಡಿದು ನಿಲ್ಲಿಸಿದಳು.

"ಎಷ್ಟು ಕೊಟ್ರಿ?" ಎಂದಳು.

"ಕೇಳ್ಲಿಲ್ಲ. ಹೇಳಿದಷ್ಟು ಕೊಟ್ಟೆ. ತಿನ್ನು."

ಲಿಫ್ಟ್ ರಿಪೇರಿ ಮಾಡುವ ಆ ಮನುಷ್ಯ ಎಂಥ ಜಿಪುಣ ಎಂಬುದು ಓಣಿಗೆಲ್ಲ ಗೊತ್ತು. ಹೆಂಡತಿಯೇನು ಕಡಿಮೆಯೇ? ಅವನು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ ತೂರುವವಳು. ಮನೆಗೆ ಬರುವ ಬಿಸ್ಕತ್ತು ಮುರಿದದ್ದು, ಸೋಪು ಹೊದಿಕೆ ಹರಿದದ್ದು, ದ್ರಾಕ್ಷಿ ಬುಟ್ಟಿಯ ತಳಕ್ಕೆ ಉದುರಿದ್ದು. ಬಿಸ್ಕತ್ತನ್ನು ಹೇಗೂ ಮುರಿದೇ ತಿನ್ನಬೇಕು, ಅಂಗಡಿಯವನೇ ಮುರಿದುಕೊಟ್ಟರೆ ನಮ್ಮ ಹಲ್ಲಿಗೆ ಕೆಲಸ ಉಳಿಯಿತು ಎಂಬುದು ಅವಳ ವಾದ. ಹಾಗೆಂದು ಸುಖಕ್ಕೇನೂ ಕೊರತೆ ಮಾಡಿಕೊಂಡವರಲ್ಲ. ದಿನವೂ ಚಹಾದ ಜೊತೆ ಬಿಸ್ಕತ್ತು, ವಾರಕ್ಕೊಮ್ಮೆ ಹಣ್ಣು, ಅವಳ ಸ್ನಾನಕ್ಕೆ ಘಮ್ಮೆನ್ನುವ ಗುಲಾಬಿ ಸೋಪು. ಅವನು ಮಾತ್ರ ಆ ಸೋಪನ್ನು ಮುಟ್ಟುತ್ತಿರಲಿಲ್ಲ. ಬಟ್ಟೆ ಸೋಪಿನಲ್ಲೇ ಮೈ ತಿಕ್ಕಿಕೊಂಡು ಕೆಲಸಕ್ಕೆ ಹೋಗುವ ಆಸಾಮಿ.

ಆ ಮನೆಯಲ್ಲಿ ಇದಕ್ಕೆ ಮೊದಲು ಕೇಳಿದ ಬೆಲೆ ಕೊಟ್ಟು ಹಣ್ಣು ತಂದದ್ದು ಒಂದೇ ಸಲ, ಅತ್ತೆ ಹಾಸಿಗೆ ಹಿಡಿದಿದ್ದಾಗ. ಡಾಕ್ಟರು ಕೈಚೆಲ್ಲಿದ್ದರು, ಮಗ ಮಾತ್ರ "ಏನಿಲ್ಲಮ್ಮ, ಹುಷಾರಾಗ್ತೀಯ" ಎನ್ನುತ್ತ ಇಡೀ ಗೊಂಚಲು ತಂದು ಮುಂದಿಟ್ಟಿದ್ದ. ಮುದುಕಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಓಹೋ, ಹಾಗಾದ್ರೆ ನಾನು ಹೊರಟೆ ಅಂತಾಯ್ತು" ಎಂದಿದ್ದಳು. ಹಾಗೇ ಆಯಿತು.

ಈಗ ನಿನ್ನೆಯಷ್ಟೇ ಇವಳ ಎದೆಯ ಗಂಟಿನ ಪರೀಕ್ಷೆಯ ಫಲಿತಾಂಶ ಕೇಳಲು ಆಸ್ಪತ್ರೆಗೆ ಹೋಗಿ ಬಂದಿದ್ದರು. ಡಾಕ್ಟರು ಇನ್ನೊಮ್ಮೆ ಮುಟ್ಟಿ ನೋಡಿದರು. ಅವಳು ಪರದೆಯ ಹಿಂದೆ ಬಟ್ಟೆ ಸರಿಮಾಡಿಕೊಳ್ಳುತ್ತಿದ್ದಾಗ ಹೊರಗೆ ಹೋಗಿ ಅವನೊಬ್ಬನ ಹತ್ತಿರ ಮಾತಾಡಿದರು. ಆಮೇಲೆ ಅವನು "ಏನಿಲ್ವಂತೆ" ಎಂದ. ನಂಬಿದ್ದಳು. ಗೊಂಚಲು ನೋಡಿದ ಮೇಲೆ ಅದು ಅತ್ತೆಗೆ ಹೇಳಿದ "ಏನಿಲ್ಲ"ದಂತೆಯೇ ಕೇಳಿಸತೊಡಗಿತು. ಒಂದು ಹಣ್ಣು ಕಿತ್ತವಳು ತಿನ್ನದೆ ಗೊಂಚಲಿನ ಪಕ್ಕಕ್ಕೇ ಇಟ್ಟಳು.

ಮಾರನೆಯ ದಿನ ತಂಗಿ ಬಂದಳು. "ಅಕ್ಕಾ, ಬೇಕರಿಯವನು ಮುರಿದ ಬಿಸ್ಕತ್ತಿನ ಡಬ್ಬ ಹೊರಗಿಟ್ಟಿದಾನಂತೆ. ಏಳು, ಬೇರೆಯವರು ಬಾಚ್ಕೊಂಡು ಹೋಗ್ತಾರೆ."

ಬೇರೆ ದಿನವಾಗಿದ್ದರೆ ತಂಗಿಗಿಂತ ಮೊದಲು ಅವಳೇ ಬಾಗಿಲಲ್ಲಿರುತ್ತಿದ್ದಳು. ಇವತ್ತು ಕಾಲೇಳಲಿಲ್ಲ. ಉಳಿಸಿ ಯಾರಿಗೆ? ಅಗ್ಗ ಹುಡುಕುವುದಕ್ಕೂ ನಾಳೆ ಎಂಬುದೊಂದು ಇರಬೇಕಲ್ಲ. ಆದರೂ ಎದ್ದಳು. ನಾಲ್ಕು ಮಾತು ಚೌಕಾಸಿ ಮಾಡಿದರೆ ಜೀವಕ್ಕೆ ಧೈರ್ಯ ಬಂದೀತು ಎಂದು ಆಸೆ.

ಅವಳನ್ನು ಕಂಡೊಡನೆ ಬೇಕರಿಯವನು ತೋಳು ಮಡಚಿ ಸಿದ್ಧನಾದ. "ಬಂದ್ರಾ? ಶುರು ಮಾಡಿ. ಮೊದ್ಲು ಪುಡಿ ಜಾಸ್ತಿ ಇದೆ ಅನ್ನಿ."

ಅವಳು ಬೆಲೆಯಷ್ಟೇ ಕೇಳಿದಳು. ಅವನು ಹೇಳಿದಷ್ಟನ್ನು ತೆಗೆದು ಗಾಜಿನ ಮೇಲಿಟ್ಟಳು. ಅವನ ಮುಖ ಪೆಚ್ಚಾಯಿತು. ಹಣ ಮುಟ್ಟದೆ ತಂಗಿಯ ಕಡೆ ಬಗ್ಗಿ, "ನಿಮ್ಮಕ್ಕನಿಗೆ ಮೈ ಸರಿಯಿಲ್ವಾ?" ಎಂದು ಪಿಸುಗುಟ್ಟಿದ. ಬೇಕರಿಯವನಿಗೂ ಗೊತ್ತಾಗಿಹೋಯಿತೆ ಎಂದುಕೊಂಡು ಅವಳು ತಿರುಗಿ ನೋಡದೆ ಮನೆಯ ಕಡೆ ನಡೆದಳು.

ಸಂಜೆ ಗಂಡ ಬಂದ. ಕೈಯಲ್ಲಿ ಇನ್ನೊಂದು ಗೊಂಚಲು.

"ನಿಜ ಹೇಳಿ," ಎಂದಳು. "ಇನ್ನೆಷ್ಟು ದಿನ ಅಂದ್ರು ಡಾಕ್ಟರು?"

"ಏನು ಎಷ್ಟು ದಿನ?"

"ನಿಮ್ಮಮ್ಮನಿಗೂ ಹೀಗೇ ತಂದಿಟ್ರಿ. ನಾನೇನು ಮರೆತಿದೀನಾ? ನನಗೆ ಹೆದರಿಕೆ ಆಗ್ತಿದೆ ರೀ."

ಅವನ ಮುಖ ಬಿಳಿಚಿತು. ಗೊಂಚಲನ್ನು ನೋಡಿದ, ಅವಳನ್ನು ನೋಡಿದ. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ಸುಳ್ಳು ಹೇಳಲಾಗದೆ ಹೋದ ಎಂದುಕೊಂಡಳು. ಯಂತ್ರದ ಮೇಲೆ ಯಾರದೋ ಅಂಗಿ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸುವವರು ಯಾರು, ಈ ಮನುಷ್ಯನಿಗೆ ಹೊತ್ತಿಗೆ ಸರಿಯಾಗಿ ಚಹಾ ಕೊಡುವವರು ಯಾರು? ಸಾಯುವುದಕ್ಕೆ ತಾನು ಇಷ್ಟು ಹೆದರುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

ಅವನು ಬೆವರು ಸುರಿಸುತ್ತ ವಾಪಸ್ಸು ಬಂದ. ರಟ್ಟಿನ ಪೆಟ್ಟಿಗೆಯೊಂದನ್ನು ಅವಳ ಮುಂದೆ ದೊಪ್ಪೆಂದು ಇಳಿಸಿದ. ಬಿಚ್ಚಿದರೆ ಗುಲಾಬಿ ಸೋಪು. ಹೊದಿಕೆ ಹರಿದವು, ಮೂಲೆ ಮುಕ್ಕಾದವು, ಪೆಟ್ಟಿಗೆ ತುಂಬ.

"ಇಷ್ಟೊಂದು ಯಾಕ್ರೀ?"

"ಪೆಟ್ಟಿಗೆ ಲೆಕ್ಕದಲ್ಲಿ ತಗೊಂಡ್ರೆ ಅಗ್ಗ ಅಂದ. ಎರಡು ವರ್ಷ ಬರುತ್ತೆ. ನೀನು ತೇಯೋ ರೀತಿಗೆ ಒಂದೂವರೆ." ಅವನು ನೆಲದ ಮೇಲೆ ಕುಸಿದು ಕೂತ. "ಮೊನ್ನೆ ಆಸ್ಪತ್ರೆಯಲ್ಲಿ ನೀನು ಒಳಗಿದ್ದಾಗ ಬೆಂಚಿನ ಮೇಲೆ ಕೂತು ಜೀವ ಹೋದಹಾಗಾಗಿತ್ತು ಕಣೇ. ಇವಳಿಗೆ ಒಂದು ದಿನಾನೂ ಇಡೀ ಗೊಂಚಲು ತಂದುಕೊಡ್ಲಿಲ್ವಲ್ಲ ಅನ್ನಿಸ್ತು. ಡಾಕ್ಟರು ಏನಿಲ್ಲ ಅಂದ್ರು, ಆ ಖುಷಿಗೆ ಗೊಂಚಲು ತಂದೆ. ಅಮ್ಮನ ವಿಷಯ ನೆನಪೇ ಬರ್ಲಿಲ್ಲ."

ಮಾತನ್ನು ಅವಳು ನಂಬುತ್ತಿದ್ದಳೋ ಇಲ್ಲವೋ, ಸೋಪನ್ನು ನಂಬಿದಳು. ನಾಟಕಕ್ಕಾದರೂ ಈ ಆಸಾಮಿ ತಾನು ಮುಟ್ಟದ ಸೋಪನ್ನು, ತೇಯುವವಳಿಲ್ಲದ ಮನೆಗೆ, ಪೆಟ್ಟಿಗೆಗಟ್ಟಲೆ ತರುವವನಲ್ಲ. ಒಂದು ಸೋಪನ್ನು ಮೂಗಿಗೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಕಣ್ಣೊರೆಸಿಕೊಂಡು, "ಎಷ್ಟು ಕೊಟ್ರಿ?" ಎಂದಳು.

ಅವನು ಹೇಳಿದ.

"ಟೋಪಿ ಹಾಕಿಸ್ಕೊಂಡು ಬಂದಿದೀರಿ," ಎಂದು ಎದ್ದು ಸೆರಗು ಸಿಕ್ಕಿಸಿದಳು. "ಪೆಟ್ಟಿಗೆ ಎತ್ಕೊಳ್ಳಿ. ಅಂಗಡಿ ಇನ್ನೂ ಮುಚ್ಚಿರಲ್ಲ."