ನಲವತ್ತು ಚಿತ್ರಗಳು

ಕುರಿ ಕಾಯುವವನ ಕೂಗು ಗುಡ್ಡದ ಆಚೆಗೂ ಕೇಳುತ್ತಿತ್ತು. ಒಂದು ಸಲ ಗಂಟಲೆತ್ತಿದರೆ ಸಾಕು, ಚದುರಿದ ಮಂದೆಯೆಲ್ಲ ತಿರುಗಿ ಬರುತ್ತಿತ್ತು. ಮನೆಯೊಳಗೆ ಮಾತ್ರ ಮಾತೆಲ್ಲ ಹೆಂಡತಿಯದೇ. "ಏ ರೇಡಿಯೋ, ಬಾಯಿಗೆ ಸ್ವಲ್ಪ ಬಿಡುವು ಕೊಡೇ," ಎಂದು ರೇಗಿಸುತ್ತಿದ್ದ. ಲಕ್ವ ಹೊಡೆದ ಮೇಲೆ ಕೈಕಾಲು ಹೇಗೋ ಸುಧಾರಿಸಿದವು, ಮಾತು ಬರಲಿಲ್ಲ. ಅವನ ಬಾಯಿಂದ ಇನ್ನೊಂದು ಸಲ 'ರೇಡಿಯೋ' ಎಂದು ಕೇಳಬೇಕು, ಅಷ್ಟೇ ಅವಳ ಆಸೆ.

ಪಟ್ಟಣದ ಆಸ್ಪತ್ರೆಯಲ್ಲಿ ಮಾತಿನ ಬಗ್ಗೆ ಸಂಶೋಧನೆ ನಡೆಯುತ್ತಿತ್ತು. ಸೇರಿಸಿಕೊಂಡವರಿಗೆ ಮೂರು ತಿಂಗಳ ಚಿಕಿತ್ಸೆ, ಸುಧಾರಣೆ ಕಂಡರೆ ಇನ್ನೂ ಮೂರು ತಿಂಗಳು. ಸ್ಪಂಜು ಹೊದಿಸಿದ ಗೋಡೆಗಳ ಸಣ್ಣ ಕೋಣೆಯಲ್ಲಿ ಅವನ ನಾಲಿಗೆಗೆ ಜೋಳದ ಕಾಳಿನಷ್ಟು ಗುಂಡಿಗಳನ್ನು ಅಂಟಿಸಿ, ಅದು ಹೇಗೆ ಹೊರಳುತ್ತದೆಂದು ಪರದೆಯ ಮೇಲೆ ನೋಡುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಪರೀಕ್ಷೆ. ಬೀಗ, ದೀಪ, ಕೊಡೆ, ಬಾಚಣಿಗೆ... ಪ್ರತಿ ಸಲವೂ ಅದೇ ನಲವತ್ತು ಚಿತ್ರ ಅದೇ ಸಾಲಿನಲ್ಲಿ ತೋರಿಸಿ ಹೆಸರು ಕೇಳುತ್ತಿದ್ದರು. ಮೊದಲ ಸಲ ಆರು ಹೇಳಿದ.

ಕಲಿಸುವ ಹುಡುಗಿಗೆ ಹೆಂಡತಿ 'ಮಾತಿನ ಟೀಚರು' ಎಂದು ಹೆಸರಿಟ್ಟಿದ್ದಳು. ಟೀಚರು ಮನೆಯಲ್ಲಿ ಅಭ್ಯಾಸ ಮಾಡಿಸಲು ಬೇರೆಯೇ ಒಂದು ಚಿತ್ರದ ಹಾಳೆ ಕೊಟ್ಟಿದ್ದಳು.

"ಇವನ್ನ ದಿನಾ ಹೇಳಿಸಿ ಅಮ್ಮಾ. ಪರೀಕ್ಷೆ ಚಿತ್ರಗಳ ಗೋಜಿಗೆ ಹೋಗ್ಬೇಡಿ."

ಹೆಂಡತಿ ತಲೆಯಾಡಿಸಿದ್ದಳು. ಆದರೆ ಪರೀಕ್ಷೆ ಅಂದರೆ ಪಾಸಾಗಬೇಕಲ್ಲ? ಫೇಲಾದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಇನ್ನೂರು ಕುರಿಗಳನ್ನು ಮುಖ ನೋಡಿ ಗುರುತಿಸುವವಳಿಗೆ ನಲವತ್ತು ಚಿತ್ರ ಯಾವ ಲೆಕ್ಕ! ಪರೀಕ್ಷೆ ನಡೆಯುವಾಗ ಹಿಂದಿನ ಕುರ್ಚಿಯಲ್ಲಿ ಕೂತೇ ಮನಸ್ಸಿಗೆ ಹಾಕಿಕೊಂಡಳು. ಹಟ್ಟಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಸಾಲಾಗಿ ಬರೆದು, ಬೆಳಿಗ್ಗೆ ಸಂಜೆ ಹೇಳಿಸಿದಳು. ಅವನು ತಡವರಿಸಿದರೆ ಮೊದಲ ಅಕ್ಷರ ತಾನೇ ಎತ್ತಿಕೊಟ್ಟಳು. ಟೀಚರು ಕೊಟ್ಟ ಹಾಳೆ ಮಡಿಸಿದಂತೆಯೇ ಪೆಟ್ಟಿಗೆಯ ತಳ ಸೇರಿತು.

ಕೊನೆಯ ಪರೀಕ್ಷೆಯಲ್ಲಿ ಅವನು ಮೂವತ್ತೆಂಟು ಹೇಳಿದ. ಟೀಚರು ಚಪ್ಪಾಳೆ ತಟ್ಟಿದಳು. "ಅಜ್ಜಾ, ನೀವು ನನ್ನ ಕೆಲಸಾನೇ ಕಿತ್ಕೊಳ್ತೀರಾ!"

ದೊಡ್ಡ ಡಾಕ್ಟರು ನಗಲಿಲ್ಲ. ಚಿತ್ರಗಳನ್ನು ಕಲೆಸಿ ಮತ್ತೆ ತೋರಿಸಿದರು. ಹಸು ಕಂಡಾಗ ಅವನು "ಬೀಗ" ಎಂದ. ಮೇಜು ಕಂಡಾಗ "ದೀಪ" ಎಂದ. ಹಕ್ಕಿ ಕಂಡಾಗ "ಕೊಡೆ" ಎಂದ. ಹೇಳಿ ಹೆಂಡತಿಯತ್ತ ತಿರುಗಿ, ಮೆಚ್ಚುಗೆಗೆ ಕಾದ.

ಟೀಚರು ಅವಳನ್ನು ಹೊರಗೆ ಕರೆದಳು. "ಮನೇಲಿ ಇವನ್ನೇ ಹೇಳಿಸಿದ್ರಾ?"

"ಪಾಸಾಗ್ಲಿ ಅಂತ, ತಾಯಿ. ಇನ್ನು ಮುಂದೆ ನೀವು ಹೇಳಿದ್ದನ್ನೇ ಹೇಳಿಸ್ತೀನಿ. ಇನ್ನೊಂದು ಮೂರು ತಿಂಗಳು..."

"ಆಗಲ್ಲಮ್ಮಾ. ಇವರ ಪರೀಕ್ಷೆಯ ಲೆಕ್ಕವೆಲ್ಲ ಕೆಟ್ಟುಹೋಯ್ತು, ನಾಳೆಯಿಂದ ಈ ಜಾಗಕ್ಕೆ ಬೇರೆಯವರು ಬರ್ತಾರೆ." ಟೀಚರು ಕಣ್ಣು ತಪ್ಪಿಸಿದಳು. "ಆದದ್ದು ಅಷ್ಟೇ ಅಲ್ಲ. ಲಕ್ವ ಹೊಡೆದ ಮೊದಲ ತಿಂಗಳುಗಳಲ್ಲೇ ಮಾತು ಹೆಚ್ಚಾಗಿ ಮರಳೋದು. ಅವು ಕಳೆದುಹೋದ್ವು."

"ಒಂದು ಮಾತೂ ಬರಲ್ವಾ?"

"ಆ ಹಾಳೆ ಇದ್ರೆ ಮನೇಲಿ ಪ್ರಯತ್ನ ಮಾಡಿ," ಎಂದಳು ಟೀಚರು. ಆ ದನಿಯಲ್ಲಿ ನಂಬಿಕೆ ಇರಲಿಲ್ಲ.

ಮನೆಗೆ ಬಂದವಳೇ ಪೆಟ್ಟಿಗೆ ತಡಕಿ ಹಾಳೆ ಬಿಚ್ಚಿದಳು. ಲೋಟದಲ್ಲಿ ನೀರು. ಹೊಟ್ಟೆ ಹಿಡಿದುಕೊಂಡ ಮನುಷ್ಯ. ಕುರಿ. ಕೊನೆಯ ಚೌಕದಲ್ಲಿ ಪೆನ್ನಿನಲ್ಲಿ ಬರೆದ ಸಣ್ಣ ರೇಡಿಯೋ. ಮೊದಲ ದಿನ ತಾನೇ ನಗುತ್ತಾ ಟೀಚರಿಗೆ ಆ ಹೆಸರಿನ ಕತೆ ಹೇಳಿದ್ದು ನೆನಪಾಯಿತು.

ಹಾಳೆಯನ್ನು ಅವನ ಮುಂದೆ ಹಿಡಿದು, ರೇಡಿಯೋ ಮೇಲೆ ಬೆರಳಿಟ್ಟಳು. "ಇದೇನು ಹೇಳಿ. ನನ್ನನ್ನ ಏನಂತ ಕರೀತಿದ್ರಿ?"

ಅವನು ಚಿತ್ರವನ್ನು ನೋಡಿದ, ಅವಳ ಮುಖ ನೋಡಿದ. ಆಮೇಲೆ ಹಟ್ಟಿಯ ಗೋಡೆಯ ಕಡೆ ತಿರುಗಿ, ವಿಧೇಯನಾಗಿ ಶುರುಮಾಡಿದ.

"ಬೀಗ. ದೀಪ. ಕೊಡೆ. ಬಾಚಣಿಗೆ..."

ಹನ್ನೊಂದನೆಯದಕ್ಕೆ ತಡವರಿಸಿ, ಸಹಾಯಕ್ಕೆ ಅವಳ ಬಾಯಿ ನೋಡಿದ. ಬೇಡವೆಂದುಕೊಂಡರೂ ಅವಳ ನಾಲಿಗೆ ತಾನಾಗಿ ಹೊರಳಿತು.

"ಗ..." ಎಂದಳು.

"ಗಡಿಯಾರ," ಎಂದು ಅವನು ಮುಂದೆ ಸಾಗಿದ.