ಏನೂ ಕಾಣಬಾರದ ರಕ್ತ

ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಸೋಪಕ್ಕ ಎನ್ನುತ್ತಿದ್ದರು. ದಿನಕ್ಕೆ ನಲವತ್ತು ಸಲ ಕೈ ತೊಳೆಯುವವಳಿಗೆ ಇನ್ಯಾವ ಹೆಸರು ಇಡುತ್ತಾರೆ? ಆಪರೇಶನ್ ಮಾಡಿಸಿ ಕ್ಯಾನ್ಸರ್ ಗೆಡ್ಡೆ ತೆಗೆಸಿಕೊಂಡವರ ರಕ್ತ ಅಲ್ಲಿಗೆ ಬರುತ್ತಿತ್ತು. ಗೆಡ್ಡೆಯ ಜೀನಿನಲ್ಲಿದ್ದ ದೋಷ ರಕ್ತದಲ್ಲಿ ಮತ್ತೆ ಕಂಡರೆ ಬೇರು ಒಳಗೇ ಉಳಿದಿದೆ, ರೋಗ ಮರಳಬಹುದು ಎಂದರ್ಥ. ಸ್ಕ್ಯಾನಿನಲ್ಲಿ ಕಾಣುವ ಮೊದಲೇ ಎಷ್ಟೋ ಸಲ ಅಲ್ಲಿನ ಯಂತ್ರ ಅದನ್ನು ಹೇಳಿಬಿಡುತ್ತಿತ್ತು.

ಯಂತ್ರದ ಮಾತು ನಂಬಬೇಕಾದರೆ ಪ್ರತಿ ಸಲ ಆರೋಗ್ಯವಂತರೊಬ್ಬರ ರಕ್ತವನ್ನೂ ಜೊತೆಗಿಡಬೇಕು. ಅದರಲ್ಲಿ ಏನೂ ಕಾಣಬಾರದು. ಕಂಡರೆ ಯಾರದೋ ಕೈ ಗಲೀಜಾಗಿದೆ ಎಂದು ಎಲ್ಲವನ್ನೂ ಬಿಸಾಡಿ ಮೊದಲಿನಿಂದ ಶುರುಮಾಡಬೇಕು. ಹತ್ತು ವರ್ಷದಿಂದ ಆ ರಕ್ತ ಸೋಪಕ್ಕನದೇ. ನಡುವೆ ಅವಳ ಕರುಳಿನಿಂದಲೂ ಒಂದು ಗೆಡ್ಡೆ ತೆಗೆದರು. ಎಲ್ಲ ಪೂರ್ತಿ ಹೋಯಿತು ಎಂದರು ಸರ್ಜನ್. ಅವಳು ಆಫೀಸಿನಲ್ಲಿ ಹೊಟ್ಟೆಯ ಆಪರೇಶನ್ ಎಂದಷ್ಟೇ ಹೇಳಿ, ರಜೆ ಮುಗಿಸಿ ಬಂದು ಮತ್ತೆ ತೋಳು ಚಾಚಿದಳು. ತಪ್ಪೆಂದು ಗೊತ್ತಿತ್ತು. ಆದರೆ ತಾನು ಗುಣವಾದೆ ಎಂದು ತನಗೆ ತಾನೇ ಹೇಳಿಕೊಳ್ಳಲು ಆ ಟ್ಯೂಬೇ ಬೇಕಿತ್ತು, ಪಾಪ.

ಇವತ್ತು ಯಂತ್ರದ ಪರದೆಯಲ್ಲಿ ಆ ಟ್ಯೂಬಿನ ಎದುರು ದೋಷದ ಗೆರೆ ಎದ್ದಿತು. ಯಂತ್ರ ನೋಡಿಕೊಳ್ಳುವವನು ಯಂತ್ರ ಸರಿಯಿದೆ ಎಂದ. ಕುಣಿಯಲಾರದವರು ನೆಲ ಡೊಂಕು ಅಂದಂತಾಯಿತು ನಿಮ್ಮ ಕಥೆ ಎಂದು ಅವನನ್ನೇ ಹಂಗಿಸಿದಳು. ಮೇಜು ಒರೆಸಿದಳು, ಡ್ರಾಪರ್ ಬದಲಿಸಿದಳು. ಗೆರೆ ಮತ್ತೆ ಬಂತು. ತನ್ನ ಗೆಡ್ಡೆಯಲ್ಲೂ ಇದೇ ದೋಷವಿತ್ತು ಎಂಬುದು ನೆನಪಾಯಿತು, ತಳ್ಳಿಹಾಕಿದಳು. ಇದು ಎಷ್ಟೋ ರೋಗಿಗಳಲ್ಲಿರುವ ದೋಷ, ಅವರ ರಕ್ತದ ಹನಿ ಸಿಡಿದಿರಬೇಕು.

ಕೊನೆಗೆ ಅವನೇ ಒಂದು ದಾರಿ ಹೇಳಿದ. ರೋಗಿಗಳ ಒಂದು ಟ್ಯೂಬೂ ಬೇಡ, ಬರೀ ನೀರು ಮತ್ತು ಹೊಸದಾಗಿ ತೆಗೆದ ಅವಳ ರಕ್ತ ಇಡೋಣ ಎಂದ. ಇಟ್ಟರು. ಊಟದ ಹೊತ್ತಿಗೆ ಫಲಿತಾಂಶ ಬಂತು. ನೀರು ಶುದ್ಧವಾಗಿತ್ತು. ಅವಳ ರಕ್ತದಲ್ಲಿ ಗೆರೆ ನೆಟ್ಟಗೆ ನಿಂತಿತ್ತು.

"ಅಕ್ಕ, ಈ ಸಲ ಯಾರೂ ಏನೂ ಗಲೀಜು ಮಾಡಿಲ್ಲ," ಎಂದ ಅವನು, ತಗ್ಗಿದ ದನಿಯಲ್ಲಿ.

ಅವಳು ಕುರ್ಚಿ ಹಿಡಿದು ಕೂತಳು.

"ನಾಲ್ಕು ತಿಂಗಳ ಹಿಂದೆಯೂ ಇದೇ ಗೆರೆ ಬಂದಿತ್ತು," ಎಂದಳು. "ನಿಮ್ಮನ್ನ ಬೈದು, ಆ ಟ್ಯೂಬನ್ನ ನಾನೇ ಕಸಕ್ಕೆ ಹಾಕಿದೆ."

ಅವನು ಬೈಗುಳದ ಮಾತೆತ್ತಲಿಲ್ಲ. ಮೊದಲು ಡಾಕ್ಟರಿಗೆ ಫೋನ್ ಮಾಡಿ ಎಂದ. ಸೋಪಕ್ಕ ಅಭ್ಯಾಸಬಲದಿಂದ ನಲ್ಲಿಯ ಕಡೆ ಎದ್ದವಳು ಅರ್ಧಕ್ಕೇ ನಿಂತು, ತೊಳೆಯದ ಕೈಯಲ್ಲೇ ಫೋನ್ ಎತ್ತಿಕೊಂಡಳು.