ಈ ವರ್ಷದ ಹೊಲ

ಆ ಊರಲ್ಲಿ ಹೊಲ ಯಾರದೂ ಆಗಿರಲಿಲ್ಲ, ಪಾಳಿ ಮಾತ್ರ ಅವರವರದು. ಮೂರು ವರ್ಷ ಕಲ್ಲುಹೊಲದಲ್ಲಿ ಬೆನ್ನು ಮುರಿದುಕೊಂಡವರಿಗೆ ಮುಂದಿನ ಮೂರು ವರ್ಷ ಹೊಳೆದಂಡೆಯ ಕಪ್ಪುಮಣ್ಣು. ಜಗಳ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಯಾರ ಹೊಟ್ಟೆಯ ಮೇಲೂ ಯಾರೂ ಹೊಡೆದಿರಲಿಲ್ಲ.

ಅತ್ತಿಗೆಯ ಕಲ್ಲುಹೊಲದ ಪಾಳಿ ಮುಗಿಯುತ್ತ ಬಂದಿತ್ತು. ಗಂಡ ಸತ್ತಮೇಲೆ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕಲ್ಲು ಆರಿಸಿದ್ದೇ ಆರಿಸಿದ್ದು. ಬರುವ ಬಿತ್ತನೆಗೆ ಮೈದುನನ ಕೈಯಲ್ಲಿದ್ದ ಹೊಳೆದಂಡೆ ಅವಳಿಗೆ ಬರಬೇಕು. ಅದನ್ನು ನೆನೆದೇ ಸೊಂಟನೋವು ನುಂಗಿಕೊಂಡಿದ್ದಳು.

ಅಷ್ಟರಲ್ಲಿ ಹೊಸ ಕಾನೂನು ಬಂತು. ಉಳುವವರಿಗೆಲ್ಲ ಹಕ್ಕುಪತ್ರ, ಉದ್ಧಾರವೋ ಉದ್ಧಾರ. ಸರಪಳಿ ಹಿಡಿದ ಮೋಜಣಿದಾರ ಹೊಳೆದಂಡೆಗೆ ಬಂದಾಗ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದವಳು ಅತ್ತಿಗೆಯೇ.

"ಈ ಹೊಲ ಯಾರದಮ್ಮಾ?"

"ನಮ್ಮ ಮೈದುನಂದು ಸಾರ್."

"ಮತ್ತೆ ನಿಮ್ಮದು?"

"ಮೇಲೆ ಕಾಣುತ್ತಲ್ಲ, ಆ ಕಲ್ಲುಹೊಲ."

'ಈ ವರ್ಷ' ಎಂಬ ಮಾತನ್ನು ಆ ಊರಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದಿದ್ದರೂ ಎಲ್ಲರಿಗೂ ಕೇಳಿಸುತ್ತಿತ್ತು. ಮೋಜಣಿದಾರನಿಗೆ ಕೇಳಿಸಲಿಲ್ಲ. ಪಾಪ, ಮರ್ಯಾದಸ್ಥ; ಅವಳು ಕೊಟ್ಟ ನೀರು ಕುಡಿದು, ಕೇಳಿದ್ದನ್ನು ಬರೆದುಕೊಂಡು ಹೋದ.

ಅತ್ತಿಗೆ ಬಿತ್ತನೆಗೆಂದು ಬೀಜದ ಬುಟ್ಟಿ ಹೊತ್ತು ಹೊಳೆದಂಡೆಗೆ ಹೋದರೆ ಹೊಲದ ಸುತ್ತ ಮುಳ್ಳುತಂತಿ. ಮೈದುನ ಒಳಗೆ ನಿಂತಿದ್ದ.

"ಏನಪ್ಪಾ ಇದು? ಪಾಳಿ ನಂದಲ್ವಾ?"

"ನಾನೇನ್ ಮಾಡ್ಲಿ ಅತ್ತಿಗೆ? ಕೇಳಿದಾಗ ನೀವೇ ಹೇಳಿದ್ರಂತೆ, ಮೈದುನಂದು ಅಂತ. ಪತ್ರ ಆಗಿಹೋಯ್ತು."

"ನಾನ್ ಹೇಳಿದ್ದು ಏನಂತ ನಿಂಗೆ ಗೊತ್ತಿಲ್ವಾ?"

ಅವನು ಮುಖ ಎತ್ತಲಿಲ್ಲ. "ಗೊತ್ತು. ನನಗೂ ಮಕ್ಕಳಿದಾರೆ ಅತ್ತಿಗೆ."

ಗೊತ್ತಿಲ್ಲ ಎಂದಿದ್ದರೆ ಶಾಪ ಹಾಕಿ ಹಗುರಾಗುತ್ತಿದ್ದಳು. ಗೊತ್ತು ಎಂದವನಿಗೆ ಏನು ಹೇಳುವುದು? ಅವಳು ಸೊಸೆಯಾಗಿ ಬಂದಾಗ ಅವನಿಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು. ಸಿಟ್ಟು ಉಕ್ಕಿತು. ಅವನ ಮೇಲೆ ಎಷ್ಟೋ ಅಷ್ಟೇ ತನ್ನ ನಾಲಿಗೆಯ ಮೇಲೂ.

ಕಳೆ ಕೀಳುವ ಕಾಲಕ್ಕೆ ಅವನೇ ಹೇಳಿಕಳಿಸಿದ: ಬರುವುದಾದರೆ ಹೊರಗಿನವರಿಗಿಂತ ಮೊದಲು ಅತ್ತಿಗೆಗೇ ಕೆಲಸ. ದೊಡ್ಡ ಮನಸ್ಸು. ಕಲ್ಲುಹೊಲದಲ್ಲಿ ಮೊಳಕೆ ಅರ್ಧಕ್ಕರ್ಧ ಒಣಗಿತ್ತು. ಹಿರಿಮಗಳನ್ನು ಕರೆದುಕೊಂಡು ಹೋದಳು.

ಬಿಸಿಲೇರಿದ ಮೇಲೆ ಮಗಳು ಬದುವಿನತ್ತ ತಿರುಗಿ, "ಚಿಕ್ಕಪ್ಪಾ, ಸ್ವಲ್ಪ ನೀರು ಕೊಡಿ," ಎಂದಳು.

"ಚಿಕ್ಕಪ್ಪ ಅನ್ಬೇಡ ಕಣೆ," ಎಂದಳು ಅತ್ತಿಗೆ, ಕಳೆಯಿಂದ ಕೈ ತೆಗೆಯದೆ, ಅವನಿಗೂ ಕೇಳುವ ಹಾಗೆ. "ಕೂಲಿಗೆ ಬಂದ ಕಡೆ ಧಣಿ ಅಂತ ಕರೀಬೇಕು."